ಮಂಗಳೂರಿಗೆ ಗಾಳ ಹಿಡಿದು ಹೊರಟಿದ್ದೇವೆ: ಎಲ್ಲಿ ಕೂರೋದು, ಎಲ್ಲಿ ಹಾಕೋದು?

ಕೇಳಿದವರು, ಸುಂಟಿಕೊಪ್ಪದಿಂದ:
ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದು ಚೀಲಕ್ಕೂ ತುಂಬಿಸಿ ಆಯಿತು. ಮಗನ ಪರೀಕ್ಷೆ ಮುಗಿದ ತಕ್ಷಣ ಎರಡು ದಿನ ಮಂಗಳೂರಿಗೆ ಹೋಗಿ ಬರೋಣ ಅಂತಿದ್ದೇವೆ. ಅವನಿಗೆ 12 ವರ್ಷ. ಹಟ್ಟಿಹೊಳೆಯಲ್ಲಿ ಅವನ ಸೋದರಮಾವನ ಜೊತೆ ಗಾಳ ಹಾಕಿ ರುಚಿ ಹತ್ತಿದೆ, ಈಗ ಸಮುದ್ರಕ್ಕೂ ಹಾಕಲೇಬೇಕು ಅಂತ ಹಟ. ಮಗಳು ಇನ್ನೂ ಚಿಕ್ಕವಳು, ಐದು ವರ್ಷ. ಜೊತೆಗೆ ಅತ್ತೆ ಬರುತ್ತಾರೆ. ಅವರಿಗೆ ಮಂಡಿನೋವು, ಮರಳಿನಲ್ಲಿ ಜಾಸ್ತಿ ನಡೆಯೋಕೆ ಆಗಲ್ಲ. ನೆರಳು ಇರಬೇಕು, ಕೂರೋಕೆ ಜಾಗ ಇರಬೇಕು, ನೀರು ಕಾಣಬೇಕು. ಇಷ್ಟೂ ಜನಕ್ಕೆ ಒಂದೇ ಕಡೆ ಹೊಂದುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ:
ಅಕ್ಕಾ, ಹೊಂದುತ್ತೆ. ನಾನು ಕೆಲಸದ ಮೇಲೆ ಮಂಗಳೂರಲ್ಲಿದ್ದೆ, ರಜೆ ಸಿಕ್ಕಿದಾಗೆಲ್ಲ ಗಾಳ ಹಿಡಿದು ಹೋಗುತ್ತಿದ್ದೆ. ನನ್ನ ಮೊದಲ ಆಯ್ಕೆ ತಣ್ಣೀರುಬಾವಿ. ಯಾಕೆ ಅಂದರೆ ಅದು ಒಂದು ಸಣ್ಣ ಪಟ್ಟಿ ನೆಲ. ಒಂದು ಪಕ್ಕ ಗುರುಪುರ ಹೊಳೆ, ಇನ್ನೊಂದು ಪಕ್ಕ ಸಮುದ್ರ. ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಅಲ್ಲೇ ಇದೆ. ಗಾಳಿಮರಗಳ ನೆರಳು ಚೆನ್ನಾಗಿದೆ, ಅತ್ತೆ ಅಲ್ಲಿ ಕೂರಬಹುದು. ಮಗಳು ಮರಳಿನಲ್ಲಿ ಆಡಲಿ. ಮಗನನ್ನು ಮಾತ್ರ ಹೊಳೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ.

ಹೋಗೋದಕ್ಕೆ ಎರಡು ದಾರಿ. ಕಾರಿನಲ್ಲಾದರೆ ಕೂಳೂರು ಸೇತುವೆ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ಇಲ್ಲವಾದರೆ ಬೋಳೂರಿನ ಸುಲ್ತಾನ್ ಬತ್ತೇರಿ ಹತ್ತಿರ ಗಾಡಿ ನಿಲ್ಲಿಸಿ ದೋಣಿ ಹತ್ತಿ. ಕೆಲವೇ ನಿಮಿಷದ ಹಾದಿ, ಆದರೆ ಮಕ್ಕಳಿಗೆ ಅದೇ ದೊಡ್ಡ ಪ್ರವಾಸ. ದೋಣಿ ಎಲ್ಲ ದಿನವೂ ಇರಲ್ಲ, ಹೋಗುವ ದಿನ ಓಡುತ್ತಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಬತ್ತೇರಿ ಅಂದರೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಯುದ್ಧದ ಹಡಗುಗಳು ಹೊಳೆಯೊಳಗೆ ನುಗ್ಗಬಾರದು ಅಂತ ಕಟ್ಟಿಸಿದ್ದು. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತೆ. ನನ್ನ ಮಟ್ಟಿಗೆ ಬುರುಜಿಗಿಂತ ಅದರ ಕೆಳಗಿನ ಹೊಳೆದಡ ಮುಖ್ಯ. ಸಂಜೆ ಅಲ್ಲಿ ಊರಿನವರು ಗಾಳ ಹಾಕಿ ನಿಂತಿರುತ್ತಾರೆ. ಪಕ್ಕದಲ್ಲಿ ನಿಂತು ಅವರು ಏನು ಕಟ್ಟುತ್ತಾರೆ, ಎಲ್ಲಿಗೆ ಎಸೆಯುತ್ತಾರೆ ನೋಡಿದರೆ ಅರ್ಧ ಕಲಿತ ಹಾಗೆ.

ಕುಶಾಲನಗರದಿಂದ:
ಸುಮ್ನೆ ಪಣಂಬೂರಿಗೆ ಹೋಗಿ. ಜೀವರಕ್ಷಕರು ಇದ್ದಾರೆ, ತಿಂಡಿ ಅಂಗಡಿ ಇದೆ, ವಾಹನ ನಿಲ್ಲಿಸೋಕೆ ಜಾಗ ಇದೆ. ಬಂದರಿಗೆ ಬರುವ ದೊಡ್ಡ ಹಡಗುಗಳು ದೂರದಲ್ಲಿ ನಿಂತಿರೋದು ಕಾಣುತ್ತೆ. ನಮ್ಮ ಮಕ್ಕಳು ಅಲ್ಲಿಂದ ಏಳಲೇ ಇಲ್ಲ.

ಮಡಿಕೇರಿಯಿಂದ (ಮತ್ತೆ):
ಮಕ್ಕಳಿಗೆ ಪಣಂಬೂರು ಸರಿ, ಇಲ್ಲ ಅನ್ನಲ್ಲ. ಗಾಳಕ್ಕೆ ಅಲ್ಲ. ಅಷ್ಟು ಜನ ಸ್ನಾನ ಮಾಡುವ ಕಡೆ ಕೊಕ್ಕೆ ಬೀಸೋದು ಅಪಾಯ, ಯಾರ ಕಿವಿಗಾದರೂ ಸಿಕ್ಕಿಕೊಳ್ಳುತ್ತೆ. ಪಕ್ಕದ್ದು ನವಮಂಗಳೂರು ಬಂದರು, ಅದರೊಳಗೆ ಭದ್ರತೆ ಬಿಗಿ. ಬಂದರಿನ ಬೇಲಿಯ ಹತ್ತಿರ ಗಾಳ ಹಿಡಿದು ಅಲೆದಾಡಿದರೆ ವಿಚಾರಣೆ ಗ್ಯಾರಂಟಿ.

ಮಾದಾಪುರದಿಂದ:
ನನ್ನ ತವರು ಉಳ್ಳಾಲ. ಮದುವೆಯಾಗಿ ಘಟ್ಟ ಹತ್ತಿದವಳು. ನನ್ನ ಅಣ್ಣಂದಿರು ಈಗಲೂ ದೋಣಿಗೆ ಹೋಗುತ್ತಾರೆ. ನಾಲ್ಕು ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನಮ್ಮ ಕೊಡಗಿನವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ "ಯಾವ ಜಾಗ?" ಅಂತ. ಅಲ್ಲಿನವರು ಕೇಳೋದು "ನೀರು ಏರುತ್ತಿದೆಯಾ ಇಳಿಯುತ್ತಿದೆಯಾ?" ಅಂತ. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತೆ, ಬೆಳಿಗ್ಗೆ ಹೋದರೂ ಸಂಜೆ ಹೋದರೂ ಅದೇ ಗುಂಡಿ, ಅದೇ ಸುಳಿ. ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ಹಾಗಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರಿಳಿತ ಜಾಸ್ತಿ. ಹೋದ ವಾರ ಇವರಿಗೆ ಐದು ಗಂಟೆಗೆ ಮೀನು ಸಿಕ್ಕಿತು ಅಂತ ನೀವೂ ಐದಕ್ಕೇ ಹೋದರೆ ಕೆಸರು ನೋಡಿಕೊಂಡು ಬರಬೇಕಾಗುತ್ತೆ. ಉಬ್ಬರ ಶುರುವಾದ ಮೇಲೆ ಸಿಗಡಿ, ಮರಿಮೀನು ಎಲ್ಲ ನೀರಿನ ಜೊತೆ ಒಳಗೆ ಬರುತ್ತವೆ. ಅವುಗಳ ಹಿಂದೆ ದೊಡ್ಡದು ಬರುತ್ತೆ. ನೀರು ಪೂರ್ತಿ ನಿಂತಾಗ ಮೀನು ಬಾಯಿ ಹಾಕೋದು ಕಡಿಮೆ. ಮೊಬೈಲಿನಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ಸಿಗುತ್ತೆ, ಹೊರಡುವ ಮೊದಲು ನೋಡಿ. ರೂಮು ಬುಕ್ ಮಾಡುವ ಮೊದಲೇ ನೋಡಿದರೂ ತಪ್ಪಿಲ್ಲ!

ಇನ್ನು ಜಾಗ. ನೇತ್ರಾವತಿ, ಗುರುಪುರ ಎರಡೂ ಹೊಳೆ ಒಂದೇ ಬಾಗಿಲಿನಲ್ಲಿ ಸಮುದ್ರ ಸೇರುತ್ತವೆ. ದಕ್ಷಿಣಕ್ಕೆ ನಮ್ಮ ಉಳ್ಳಾಲದ ಕೋಟೆಪುರ, ಉತ್ತರಕ್ಕೆ ಬೆಂಗ್ರೆ. ಎರಡೂ ಕಡೆ ಸಮುದ್ರದೊಳಗೆ ಕಲ್ಲು ಪೇರಿಸಿ ತಡೆಗೋಡೆ ಮಾಡಿದ್ದಾರೆ. ಅನುಭವ ಇರುವವರು ಆ ಕಲ್ಲುಗಳ ಮೇಲೆ ನಿಂತು ಗಾಳ ಹಾಕುತ್ತಾರೆ. ದೊಡ್ಡ ಮೀನೂ ಸಿಗುತ್ತೆ. ಆದರೆ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಡಿ. ಕಲ್ಲಿನ ಮೇಲೆ ಪಾಚಿ, ಕಲ್ಲು ಕಲ್ಲಿನ ನಡುವೆ ಕಾಲು ಸಿಕ್ಕುವಷ್ಟು ಸಂದು. ಹತ್ತು ಅಲೆ ಸುಮ್ಮನೆ ಬಂದು ಹನ್ನೊಂದನೆಯದು ಎದೆಯವರೆಗೆ ಬಡಿಯುತ್ತೆ. ಒಳಗಿನ ಹೊಳೆದಡ ಸಾಕು. ನಿಮ್ಮ ಹುಡುಗನಿಗೆ ಬೇಕಾದ್ದೆಲ್ಲ ಅಲ್ಲೇ ಇದೆ: ಕರಿಮೀನ್, ಕೊಡ್ಡಾಯಿ, ಅದೃಷ್ಟ ಇದ್ದರೆ ಕೆಂಬೇರಿ. ಮರಳಿನ ತೀರದಲ್ಲಿ ಸಣ್ಣ ಕೊಕ್ಕೆಗೆ ಕಾಣೆ ಬೀಳುತ್ತೆ. ಕಾಣೆ ಸಿಕ್ಕಿದರೆ ಮಾರ್ಕೆಟ್ಟಿನ ಬೆಲೆ ನೆನೆಸಿಕೊಂಡು ಖುಷಿಪಡಿ.

ನಿಮ್ಮ ಕೊಡಗಿನ ಎರೆಹುಳ, ಹಿಟ್ಟಿನ ಉಂಡೆ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಒಂದು ಹಿಡಿ ಹಸಿ ಸಿಗಡಿ, ಒಂದೆರಡು ಬೂತಾಯಿ ಮೀನು ತೆಗೆದುಕೊಳ್ಳಿ. ಸಿಗಡಿಯ ಸಿಪ್ಪೆ ತೆಗೆದು ಸಣ್ಣ ತುಂಡು ಚುಚ್ಚಬೇಕು. ಬೂತಾಯಿ ಮೆತ್ತಗೆ, ಎಸೆಯುವಾಗ ಹಾರಿಹೋಗುತ್ತೆ, ನೂಲಿನಲ್ಲಿ ಸುತ್ತಿ ಕಟ್ಟಿ. ಸೀಸದ ಗುಂಡು ಹೊಳೆಗಿಂತ ಭಾರದ್ದು ಬೇಕು, ಇಲ್ಲವಾದರೆ ಸೆಳೆತಕ್ಕೆ ತಂಗೂಸಿ ಪಕ್ಕದವರ ದಾರಕ್ಕೆ ಸುತ್ತಿಕೊಂಡು ಜಗಳ. ರಾತ್ರಿ ರೂಮಿಗೆ ಹೋದ ಮೇಲೆ ರೀಲು, ಕೊಕ್ಕೆ ಎಲ್ಲ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಉಪ್ಪುನೀರು ಯಾರನ್ನೂ ಬಿಡಲ್ಲ.

ಗೋಣಿಕೊಪ್ಪದಿಂದ:
ಒಂದು ಸಣ್ಣ ವಿಷಯ. ನಮ್ಮ ಪುಷ್ಪಗಿರಿ ಬೆಟ್ಟದ ಕಡೆ ಹುಟ್ಟುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತೆ. ಹಾಗಾಗಿ ಉಳ್ಳಾಲದಲ್ಲಿ ಗಾಳ ಹಾಕಿದರೂ ನಮ್ಮ ಊರಿನ ನೀರಿಗೇ ಹಾಕಿದ ಹಾಗೆ ಅಂತ ಮಗನಿಗೆ ಹೇಳಿ. ಊರಿಗೆ ಬಂದ ಮೇಲೆ ದೊಡ್ಡ ಗಾಳ ಸಿಕ್ಕಿದೆ ಅಂತ ವಾಲ್ನೂರು, ದುಬಾರೆ ಕಡೆ ಕಾವೇರಿಗೆ ಹಾಕೋಕೆ ಮಾತ್ರ ಬಿಡಬೇಡಿ. ಅಲ್ಲಿ ಮಹಶೀರ್ ಮೀನಿನ ರಕ್ಷಣೆ ಇದೆ. ಪರವಾನಗಿ ಬೇಕು, ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡಬೇಕು. ಕಾವೇರಿಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ.

ವಿರಾಜಪೇಟೆಯಿಂದ:
ಎಲ್ಲರೂ ಮಂಗಳೂರು ಮಂಗಳೂರು ಅಂತೀರಲ್ಲ! ಸುಂಟಿಕೊಪ್ಪದವರಿಗೆ ಸರಿ ಇರಬಹುದು. ಇದನ್ನು ಓದುವ ದಕ್ಷಿಣ ಕೊಡಗಿನವರಿಗೆ ಹೇಳುತ್ತೇನೆ, ನಮಗೆ ಮಾಕುಟ್ಟ ಇಳಿದು ಇರಿಟ್ಟಿ ದಾಟಿದರೆ ತಲಶೇರಿ, ಕಣ್ಣೂರು ಹತ್ತಿರ. ತಲಶೇರಿಯಲ್ಲಿ ಓವರ್‌ಬರಿ ಪಾರ್ಕ್ ಸಮುದ್ರದ ಅಂಚಿಗೇ ಇದೆ, ಮರಳಿಗೆ ಇಳಿಯದೆ ಮೇಲಿನಿಂದಲೇ ಸಮುದ್ರ ನೋಡಬಹುದು. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಮುಳಪ್ಪಿಲಂಗಾಡ್ ಬೀಚಿನಲ್ಲಿ ಗಟ್ಟಿ ಮರಳು, ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಕಾರನ್ನೇ ಓಡಿಸಬಹುದು. ಅಜ್ಜಿ ಕಾರಿನಿಂದ ಇಳಿಯೋದೇ ಬೇಡ. ಮಳೆಗಾಲದಲ್ಲಿ ವಾಹನ ಬಿಡಲ್ಲ. ಗಾಳದ ವಿಷಯ ನನಗೆ ಸಂಬಂಧ ಇಲ್ಲ, ನಾನು ತಿನ್ನುವ ಪಾರ್ಟಿ.

ಸೋಮವಾರಪೇಟೆಯಿಂದ:
ಎರಡನೇ ದಿನಕ್ಕೆ ಸಸಿಹಿತ್ಲು ಇಟ್ಟುಕೊಳ್ಳಿ. ಸುರತ್ಕಲ್ ದಾಟಿ ಮೂಲ್ಕಿ ಕಡೆ ಹೋಗುವಾಗ ಎಡಕ್ಕೆ. ಶಾಂಭವಿ, ನಂದಿನಿ ಎರಡು ಹೊಳೆ ಕೂಡಿ ಸಮುದ್ರ ಸೇರುವ ಜಾಗ. ಜನ ಕಡಿಮೆ, ಹೊಳೆಯ ಪಕ್ಕ ನೀರು ಸಾಧು. 2016ರಲ್ಲಿ ಅಲ್ಲಿ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಹೆಸರು ಹೊರಗೆ ಗೊತ್ತಾಗಿದ್ದು. ಸರ್ಫಿಂಗ್ ಮಾಡುತ್ತಾರೆ ಅಂದರೆ ಸಮುದ್ರದ ಕಡೆ ಅಲೆ ಜೋರು ಅಂತಲೇ ಅರ್ಥ ಅಲ್ವಾ, ಮಕ್ಕಳನ್ನು ಆ ಕಡೆ ಬಿಡಬೇಡಿ. ಅಂಗಡಿ ಜಾಸ್ತಿ ಇಲ್ಲ, ನೀರು, ತಿಂಡಿ ಕಟ್ಟಿಕೊಂಡು ಹೋಗಿ. ಬರುವಾಗ ಸುರತ್ಕಲ್ ದೀಪಸ್ತಂಭದ ಹತ್ತಿರ ಸಂಜೆ ಕೂರಬಹುದು.

ಕೇಳಿದವರು:
ಇಷ್ಟೊಂದು ಜನ ಬರೆದಿದ್ದಕ್ಕೆ ಥ್ಯಾಂಕ್ಸ್. ಮೊದಲ ದಿನ ತಣ್ಣೀರುಬಾವಿ ಅಂತ ತೀರ್ಮಾನ ಆಯಿತು. ಎರಡು ಅನುಮಾನ. ಸೋಮೇಶ್ವರ ದೇವಸ್ಥಾನಕ್ಕೆ ಅತ್ತೆ ಹೋಗಬೇಕು ಅಂತಿದ್ದಾರೆ, ಅಲ್ಲೇ ಬೀಚಿನಲ್ಲಿ ಗಾಳ ಹಾಕಬಹುದಾ? ಹಿಡಿದ ಮೀನನ್ನು ಧೈರ್ಯವಾಗಿ ತಿನ್ನಬಹುದಾ?

ಮಾದಾಪುರದಿಂದ (ಮತ್ತೆ):
ಸೋಮೇಶ್ವರಕ್ಕೆ ಖಂಡಿತ ಹೋಗಿ, ದೇವಸ್ಥಾನದ ಕಟ್ಟೆಯಿಂದ ಸಮುದ್ರ ನೋಡಿ, ಹಾಗೇ ವಾಪಸ್ ಬನ್ನಿ. ಅಲ್ಲಿ ಬಂಡೆ ಜಾಸ್ತಿ, ತಳ ಏಕ್‌ದಂ ಆಳಕ್ಕೆ ಹೋಗುತ್ತೆ, ಸೆಳೆತ ಕೆಟ್ಟದ್ದು. ಘಟ್ಟದ ಮೇಲಿನಿಂದ ಬಂದ ಹುಡುಗರು ಅಲ್ಲಿ ನೀರುಪಾಲಾದ ಸುದ್ದಿ ನಾವು ಚಿಕ್ಕಂದಿನಿಂದ ಕೇಳುತ್ತಲೇ ಇದ್ದೇವೆ. ಹೊಳೆಯಲ್ಲಿ ಚೆನ್ನಾಗಿ ಈಜುತ್ತೇವೆ ಅನ್ನೋ ಧೈರ್ಯವೇ ಮುಳುಗಿಸೋದು. ಯಾವ ಬೀಚಿನಲ್ಲೇ ಆಗಲಿ, ಸೆಳೆತ ಒಳಗೆ ಎಳೆದರೆ ಅದಕ್ಕೆ ಎದುರಾಗಿ ದಡದ ಕಡೆ ಈಜಬಾರದು. ತೀರದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು ಆಮೇಲೆ ದಡಕ್ಕೆ ಬರಬೇಕು.

ಏಪ್ರಿಲ್, ಮೇ ಕಡೆಗೆ ಹೋಗುವವರು ಇನ್ನೊಂದು ನೋಡಬೇಕು. ಗಾಳಿ ಇಲ್ಲ, ಮೋಡ ಇಲ್ಲ, ಬಿಸಿಲು ಫಳಫಳ, ಆದರೂ ಅಲೆ ಮೇಲೆ ನುಗ್ಗಿ ಬರುವ ದಿನಗಳಿವೆ. ಮಲಯಾಳದವರು ಕಳ್ಳಕಡಲು ಅನ್ನುತ್ತಾರೆ. ಎಲ್ಲೋ ದೂರ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಇಲ್ಲಿಯವರೆಗೆ ಬರುತ್ತೆ. ಹೈದರಾಬಾದಿನ ಇಂಕೋಯ್ಸ್ ಸಂಸ್ಥೆ ಮೊದಲೇ ಎಚ್ಚರಿಕೆ ಕೊಡುತ್ತೆ, ಅದು ಸ್ಥಳೀಯ ಸುದ್ದಿಯಲ್ಲೂ ಬರುತ್ತೆ. ಎಚ್ಚರಿಕೆ ಇರುವ ದಿನ ತೀರದ ಸಹವಾಸವೇ ಬೇಡ.

ತಿನ್ನುವ ವಿಷಯ. ಗೊತ್ತಿರುವ ಮೀನು ತಿನ್ನಿ, ಗೊತ್ತಿಲ್ಲದ್ದನ್ನು ಪಕ್ಕದಲ್ಲಿ ನಿಂತವರಿಗೆ ತೋರಿಸಿ. ಹೊಟ್ಟೆ ಚೆಂಡಿನ ಹಾಗೆ ಉಬ್ಬಿಸಿಕೊಳ್ಳುವ ಮೀನು ಗಾಳಕ್ಕೆ ಬೀಳುತ್ತೆ. ಮಕ್ಕಳು ಕುಣಿಯುತ್ತಾರೆ. ಅದರಲ್ಲಿ ವಿಷ ಇದೆ, ಎಷ್ಟು ಬೇಯಿಸಿದರೂ ಹೋಗಲ್ಲ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟುಬಿಡಿ. ಹುಷಾರು, ಬಾಯಿಗೆ ಬೆರಳು ಕೊಟ್ಟರೆ ಕಚ್ಚುತ್ತೆ. ಮೀಸೆ ಇರುವ ಮೀನು ಬಿದ್ದರೆ ಬರಿಗೈಯಲ್ಲಿ ಹಿಡಿಯಬೇಡಿ. ಬೆನ್ನಿನ ಮೇಲೊಂದು, ಎರಡು ಪಕ್ಕದಲ್ಲಿ ಒಂದೊಂದು ಮುಳ್ಳು, ಚುಚ್ಚಿದರೆ ಉರಿ ತಡೆಯೋಕೆ ಆಗಲ್ಲ. ತೊರಕೆ ಅನ್ನೋ ಚಪ್ಪಟೆ ಮೀನಿನ ಬಾಲದ ಮುಳ್ಳೂ ಹಾಗೇ. ಚುಚ್ಚಿಸಿಕೊಂಡರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿಟ್ಟುಕೊಂಡು ನೇರ ಡಾಕ್ಟರ ಹತ್ತಿರ ಹೋಗಿ. ಒಂದು ದಪ್ಪ ಬಟ್ಟೆ, ಒಂದು ಇಕ್ಕಳ ಗಾಳದ ಚೀಲದಲ್ಲಿ ಇರಲಿ.

ಏನೂ ಸಿಗದಿದ್ದರೆ ಬೆಳಗಿನ ಜಾವ ಹಳೆ ಬಂದರಿನ ಧಕ್ಕೆಗೆ, ಅಂದರೆ ಮೀನಿನ ಬೋಟು ನಿಲ್ಲುವ ಕಟ್ಟೆಗೆ ಹೋಗಿ. ಬೋಟು ಬಂದು ಬುಟ್ಟಿ ಇಳಿಸಿ ಏಲಂ ಕೂಗುವುದನ್ನು ಮಗ ನೋಡಲಿ. ಅಂಜಲ್, ಮಾಂಜಿ, ಬಂಗುಡೆ ಎಲ್ಲ ಒಂದೇ ಕಡೆ ಗುರುತಾಗುತ್ತೆ. ಹಳೆ ಚಪ್ಪಲಿ ಹಾಕಿಕೊಳ್ಳಿ, ನೆಲವೆಲ್ಲ ನೀರು. ಅತ್ತೆ ಬೇಡ, ಜಾರುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ಹೋದರೆ ಧಕ್ಕೆ ಭಣಭಣ.

ಸಂಪಾಜೆಯಿಂದ:
ದಾರಿಯ ಬಗ್ಗೆ ಯಾರೂ ಬರೆದಿಲ್ಲ. ಮಡಿಕೇರಿಯಿಂದ ಸುಳ್ಯ, ಪುತ್ತೂರು, ಮಾಣಿ ಮೂಲಕ ಹತ್ತಿರ ಹತ್ತಿರ 140 ಕಿಲೋಮೀಟರ್. ಘಾಟಿ ಇಳಿಯುವ ಮೊದಲು ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಸುಳ್ಯದಲ್ಲಿ ತಿನ್ನಿಸಿ. ಮಾಣಿಯಿಂದ ಮುಂದೆ ವಾಹನ ಜಾಸ್ತಿ. ಉಬ್ಬರದ ಹೊತ್ತಿಗೆ ನೀರಿನ ಹತ್ತಿರ ಇರಬೇಕು ಅಂದರೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ. ವಾಪಸ್ ಬರುವಾಗ ಮೀನು ತರುವುದಾದರೆ ಮುಚ್ಚಳ ಬಿಗಿ ಇರುವ ಥರ್ಮೋಕೋಲ್ ಡಬ್ಬಿ ತೆಗೆದುಕೊಂಡು ಹೋಗಿ, ಐಸ್ ಧಕ್ಕೆಯ ಹತ್ತಿರವೇ ಸಿಗುತ್ತೆ. ಸುಳ್ಯ ದಾಟುವ ಮೊದಲು ಕರಗಿದ ನೀರು ಚೆಲ್ಲಿಬಿಡಿ. ಘಾಟಿಯ ತಿರುವಿನಲ್ಲಿ ಡಬ್ಬಿ ಮಗುಚಿದರೆ ಕಾರಿನ ವಾಸನೆ ಮಳೆಗಾಲ ಬಂದರೂ ಹೋಗಲ್ಲ.