ಐಎಸ್‌ಒ 9001 ಇರುವಲ್ಲಿ 14001 ಸೇರಿಸುವುದು: ಮಾಡಿ ನೋಡಿದವರ ಅನುಭವ

ಕೇಳಿದವರು: ಕ್ವಾಲಿಟಿ ವಿಭಾಗ, ತುಮಕೂರು

ನಮ್ಮದು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ. 85 ಜನ ಇದ್ದೇವೆ. ಗುಣಮಟ್ಟದ ವ್ಯವಸ್ಥೆಗೆ ಕೊಡುವ ಐಎಸ್‌ಒ 9001 ಪ್ರಮಾಣಪತ್ರ ಎಂಟು ವರ್ಷದಿಂದ ಇದೆ. ಈಗ ದೊಡ್ಡ ಗ್ರಾಹಕರೊಬ್ಬರು ಮಾರ್ಚ್ ಒಳಗೆ ಪರಿಸರದ 14001 ಕೂಡ ಬೇಕು ಅಂದಿದ್ದಾರೆ. ಕನ್ಸಲ್ಟೆಂಟ್ ಒಬ್ಬರು ಬೇರೆ ಮ್ಯಾನ್ಯುಯಲ್, ಬೇರೆ ಪ್ರೊಸೀಜರ್, ನಲವತ್ತು ಹೊಸ ಫಾರ್ಮ್ಯಾಟ್ ಕೊಡುತ್ತೇನೆ ಎನ್ನುತ್ತಾರೆ. ಇರುವ ಫೈಲುಗಳನ್ನು ನೋಡಿಕೊಳ್ಳುವುದೇ ನಮಗೆ ಕಷ್ಟವಾಗಿದೆ. ಇರುವ ವ್ಯವಸ್ಥೆಯೊಳಗೇ ಸೇರಿಸಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಿದಿರಿ, ಎಲ್ಲಿ ಎಡವಿದಿರಿ, ದಯವಿಟ್ಟು ತಿಳಿಸಿ.

ಆಟೋ ಬಿಡಿಭಾಗದ ಘಟಕ, ಪೀಣ್ಯ

ಬೇರೆ ಮ್ಯಾನ್ಯುಯಲ್ ಬೇಡವೇ ಬೇಡ ಸರ್. ನಾವು ಮೊದಲು ಅದನ್ನೇ ಮಾಡಿಸಿಕೊಂಡು ಎರಡು ವರ್ಷ ಒದ್ದಾಡಿದೆವು.

2015ರಲ್ಲಿ 9001 ಮತ್ತು 14001 ಎರಡೂ ಪರಿಷ್ಕರಣೆಯಾಗಿ ಒಂದೇ ಚೌಕಟ್ಟಿಗೆ ಬಂದವು. ಎರಡರಲ್ಲೂ ಹತ್ತು ಕ್ಲಾಜ್, ಅಂದರೆ ಅಧ್ಯಾಯ. ತರಬೇತಿ 7.2, ದಾಖಲೆಗಳು 7.5, ಇಂಟರ್ನಲ್ ಆಡಿಟ್ 9.2, ಮ್ಯಾನೇಜ್‌ಮೆಂಟ್ ರಿವ್ಯೂ 9.3, ಕರೆಕ್ಟಿವ್ ಆ್ಯಕ್ಷನ್ 10.2. ನಂಬರೂ ಒಂದೇ, ಕೆಲಸವೂ ಒಂದೇ. ಇವಕ್ಕೆಲ್ಲ ನಿಮ್ಮ ಹಳೆಯ ಪ್ರೊಸೀಜರೇ ಸಾಕು, "ಪರಿಸರಕ್ಕೂ ಅನ್ವಯ" ಅಂತ ತಿದ್ದಿಕೊಂಡರೆ ಆಯಿತು. ನಿಜವಾಗಿ ಹೊಸದಾಗಿ ಕೂತು ಮಾಡಬೇಕಾದದ್ದು ನಾಲ್ಕೇ: 6.1.2 ಪರಿಸರದ ಅಂಶಗಳು (ನಮ್ಮ ಕೆಲಸದಲ್ಲಿ ಪರಿಸರವನ್ನು ಮುಟ್ಟುವ ಸಂಗತಿಗಳು, ನಾವೆಲ್ಲ ಆಸ್ಪೆಕ್ಟ್ ಅನ್ನುತ್ತೇವೆ), 6.1.3 ಕಾನೂನಿನ ಬಾಧ್ಯತೆ, 8.2 ತುರ್ತು ಸ್ಥಿತಿಯ ತಯಾರಿ, 9.1.2 ಕಾನೂನು ಪಾಲನೆಯ ಪರಿಶೀಲನೆ. ಇಲ್ಲಿ ಮಾತ್ರ ನಂಬರ್ ನೋಡಿ ಮೋಸ ಹೋಗಬೇಡಿ. 9001ರಲ್ಲಿ 9.1.2 ಅಂದರೆ ಗ್ರಾಹಕರ ತೃಪ್ತಿ. ಅದೇ ಪುಟದಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಈಗ ನಾವು ಎಡವಿದ್ದನ್ನು ಹೇಳುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಘಟಕದ ವಾಚ್‌ಮನ್ ಬಂದು, "ನಿಮ್ಮ ಕಾಂಪೌಂಡ್ ಹಿಂದಿನ ಮಳೆನೀರಿನ ಚರಂಡಿಯಲ್ಲಿ ಹಾಲಿನ ಥರ ನೀರು ನಿಂತಿದೆ" ಅಂದರು. ಹೋಗಿ ನೋಡಿದರೆ ಸಿಎನ್‌ಸಿ ಮಷಿನ್‌ನ ಹಳೇ ಕೂಲೆಂಟ್, ಲೋಹ ಕೊರೆಯುವಾಗ ತಂಪು ಮಾಡುವ ದ್ರವ. ಬಿಳಿ ನೀರು, ಮೇಲೆ ಎಣ್ಣೆಯ ಪದರ, ಕೊಳೆತ ವಾಸನೆ. ಭಾನುವಾರ ಕಾಂಟ್ರಾಕ್ಟ್ ಹುಡುಗರು ಟ್ಯಾಂಕ್ ಕ್ಲೀನ್ ಮಾಡಿ ಅಲ್ಲಿಗೆ ಬಿಟ್ಟಿದ್ದರು.

ನಮ್ಮ ಆಸ್ಪೆಕ್ಟ್ ರಿಜಿಸ್ಟರ್‌ನಲ್ಲಿ "ಹಳೇ ಕೂಲೆಂಟ್ ವಿಲೇವಾರಿ" ಅಂತ ಸಾಲು ಇತ್ತು. ಎಷ್ಟು ಗಂಭೀರ ಅಂತ ಅಂಕ ಇತ್ತು, ಏನು ಮಾಡಬೇಕು ಅಂತಲೂ ಇತ್ತು. ಆದರೆ ಅದು ಇದ್ದದ್ದು ಆಫೀಸಿನ ಬೀರುವಿನಲ್ಲಿ. ಆ ಹುಡುಗರ ಕೈಯಲ್ಲಿದ್ದದ್ದು ಮೆಂಟೆನೆನ್ಸ್ ಚೆಕ್‌ಶೀಟ್. ಅದರಲ್ಲಿ ಬರೆದಿದ್ದು ಇಷ್ಟೇ: "ಕೂಲೆಂಟ್ ಟ್ಯಾಂಕ್ ಕ್ಲೀನಿಂಗ್: ಆಯಿತು / ಇಲ್ಲ." ಅವರು "ಆಯಿತು" ಅಂತ ಟಿಕ್ ಹಾಕಿ ಮನೆಗೆ ಹೋಗಿದ್ದರು. ಅವರದೇನು ತಪ್ಪು? ಹೇಳಿದ ಕೆಲಸ ಮಾಡಿದ್ದರು.

ಅವತ್ತೇ ಆ ಚೆಕ್‌ಶೀಟ್‌ಗೆ ಮೂರು ಖಾನೆ ಸೇರಿಸಿದೆವು. ಎಷ್ಟು ಲೀಟರ್ ತೆಗೆದಿರಿ? ಯಾವ ನಂಬರಿನ ಡ್ರಮ್‌ಗೆ ತುಂಬಿದಿರಿ? ಡ್ರಮ್ ಶೆಡ್‌ಗೆ ಹೋಯಿತಾ? ಹೊಸ ಫಾರ್ಮ್ಯಾಟ್ ಇಲ್ಲ, ಹೊಸ ಫೈಲ್ ಇಲ್ಲ. ಕೆಲವು ತಿಂಗಳಾದ ಮೇಲೆ ಆ ಲೀಟರ್ ಲೆಕ್ಕ ನೋಡಿದಾಗ ಒಂದು ಮಷಿನ್‌ನಲ್ಲಿ ಮಾತ್ರ ಕೂಲೆಂಟ್ ಪದೇ ಪದೇ ಬದಲಾಗುತ್ತಿರುವುದು ಕಂಡಿತು. ಬಿಚ್ಚಿ ನೋಡಿದರೆ ಲೂಬ್ರಿಕೇಷನ್ ಎಣ್ಣೆ ಸೋರಿ ಕೂಲೆಂಟ್‌ಗೆ ಸೇರುತ್ತಿತ್ತು. ಅದೇ ಮಷಿನ್‌ನಲ್ಲಿ ಸರ್ಫೇಸ್ ಫಿನಿಶ್ ರಿಜೆಕ್ಷನ್ ಜಾಸ್ತಿ ಅಂತ ಕ್ವಾಲಿಟಿಯವರು ತಲೆ ಕೆಡಿಸಿಕೊಂಡಿದ್ದರು. ಎರಡು ವಿಭಾಗ ಬೇರೆ ಬೇರೆ ಕಾಗದದಲ್ಲಿ ಒಂದೇ ಸೋರಿಕೆಯನ್ನು ಹುಡುಕುತ್ತಿದ್ದೆವು. ಸೇರಿಸುವುದರಲ್ಲಿ ಅರ್ಥ ಇದೆ ಅಂತ ನನಗೆ ಮನವರಿಕೆಯಾಗಿದ್ದು ಅಲ್ಲೇ.

ಹಾಗಾಗಿ ಮೊದಲು ಹೋಗಿ ನಿಮ್ಮಲ್ಲಿ ಜನ ದಿನಾ ತುಂಬುವ ಕಾಗದಗಳನ್ನು ಒಟ್ಟು ಮಾಡಿ. ಮೆಂಟೆನೆನ್ಸ್ ಶೀಟ್, ಪರ್ಚೇಸ್ ಇಂಡೆಂಟ್, ಡ್ರಾಯಿಂಗ್ ಬದಲಾವಣೆಯ ಫಾರ್ಮ್, ಗೇಟ್ ಪಾಸ್. ಪ್ರತಿಯೊಂದರಲ್ಲೂ "ಇಲ್ಲಿಂದ ಏನು ಹೊರಗೆ ಹೋಗುತ್ತದೆ, ಎಲ್ಲಿಗೆ?" ಅಂತ ಕೇಳಿ ನೋಡಿ. ನಮ್ಮಲ್ಲಿ ಈಗ ಹೊಸ ಕೆಮಿಕಲ್ ತರಿಸಬೇಕಾದರೆ ಅದರ ಸುರಕ್ಷತಾ ಮಾಹಿತಿ ಪತ್ರ ಇಲ್ಲದೆ ಖರೀದಿ ಆದೇಶ (ಪಿಒ) ಹೊರಡುವುದಿಲ್ಲ.

ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ತಯಾರಿಕೆಯಲ್ಲಿ ಎಲ್ಲಿ ಏನು ತಪ್ಪಬಹುದು ಅಂತ ಅಂದಾಜು ಮಾಡುವ ಪಿಎಫ್‌ಎಂಇಎ ಶೀಟ್‌ನ ಅಂಕ ಹಾಕುವ ವಿಧಾನವನ್ನೇ ಆಸ್ಪೆಕ್ಟ್‌ಗೂ ಬಳಸಿದ್ದೆವು. ತೀವ್ರತೆ, ಎಷ್ಟು ಸಲ, ಪತ್ತೆ ಹಚ್ಚುವ ಸಾಧ್ಯತೆ, ಮೂರನ್ನೂ ಗುಣಿಸುವುದು. ಡೀಸೆಲ್ ಟ್ಯಾಂಕ್ ಒಡೆಯುವುದು ಅಪರೂಪ, ಒಡೆದರೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಅದು ಪಟ್ಟಿಯ ತಳಕ್ಕೆ ಹೋಯಿತು! ಡೀಸೆಲ್ ಮಣ್ಣಿಗೆ ಇಳಿದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಕಾಗದ ಒಂದೇ ಇರಲಿ, ಅಳೆಯುವ ರೀತಿ ಬೇರೆ ಇಟ್ಟುಕೊಳ್ಳಿ. ಮಾಮೂಲಿ ದಿನ, ಮಾಮೂಲಿ ಅಲ್ಲದ ದಿನ, ಅವಘಡ, ಮೂರನ್ನೂ ಬೇರೆ ಬೇರೆ ಯೋಚಿಸಿ. ನಮ್ಮ ಭಾನುವಾರದ ಕ್ಲೀನಿಂಗ್ ಎರಡನೆಯದು.

ಫೌಂಡ್ರಿ ಮೇಲ್ವಿಚಾರಕ, ಬೆಳಗಾವಿ

ಮೇಲಿನ ಮಾತು ಪೂರ್ತಿ ನಿಜ. ನಾನು ಒಂದೇ ಸೇರಿಸುತ್ತೇನೆ. ಆಸ್ಪೆಕ್ಟ್ ಪಟ್ಟಿಯನ್ನು ಆಫೀಸಿನಲ್ಲಿ ಕೂತು ಬರೆಯಬೇಡಿ. ನಾವು ಬರೆದಾಗ ಬಳಸಿದ ಮರಳು, ಫರ್ನೆಸ್ ಹೊಗೆ, ಸ್ಲ್ಯಾಗ್ ಎಲ್ಲ ಬಂದಿತ್ತು. ಆಮೇಲೆ ಶಿಫ್ಟ್‌ನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಹಿರಿಯರನ್ನು ಕರೆದುಕೊಂಡು ಒಂದು ಸುತ್ತು ಹಾಕಿದೆ. "ಕರೆಂಟ್ ಹೋದಾಗ ಧೂಳು ಎಳೆಯೋ ಬ್ಲೋಯರ್ ನಿಲ್ತದ, ಶೇಕ್‌ಔಟ್ ಕೆಲಸ ನಿಲ್ಲಂಗಿಲ್ಲ ನೋಡ್ರಿ" ಅಂದರು (ಶೇಕ್‌ಔಟ್ ಅಂದರೆ ಎರಕದಿಂದ ಮರಳು ಉದುರಿಸುವುದು). ಅದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಕೆಲಸದ ಸೂಚನೆಯನ್ನು ಕನ್ನಡದಲ್ಲೇ ಬರೆಸಿ, ಮಷಿನ್ ಪಕ್ಕದಲ್ಲೇ ಅಂಟಿಸಿ.

ಆಸ್ಪತ್ರೆಯ ಗುಣಮಟ್ಟ ಸಂಯೋಜಕಿ, ಮಂಗಳೂರು

ನಮ್ಮದು ಕಾರ್ಖಾನೆ ಅಲ್ಲ. ಆದರೂ ನಮ್ಮ ಅನುಭವ ನಿಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ವ್ಯವಸ್ಥೆ ಮೊದಲೇ ಇತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಕೆಲಸವನ್ನು ಮಾತ್ರ ಹೌಸ್‌ಕೀಪಿಂಗ್ ಬೇರೆಯಾಗಿ ನೋಡಿಕೊಳ್ಳುತ್ತಿತ್ತು. ಸೂಜಿ ಚುಚ್ಚಿದ ವರದಿ ಸೋಂಕು ನಿಯಂತ್ರಣ ಸಮಿತಿಗೆ ಬರುತ್ತಿತ್ತು. ಸೂಜಿ ತಪ್ಪಾಗಿ ಕೆಂಪು ಚೀಲಕ್ಕೆ ಬಿದ್ದ ವರದಿ ಹೌಸ್‌ಕೀಪಿಂಗ್‌ಗೆ ಹೋಗುತ್ತಿತ್ತು. ಯಾವ ವಾರ್ಡ್‌ನಲ್ಲಿ ಸೂಜಿ ಬಿಳಿ ಡಬ್ಬಿಗೆ ಹೋಗದೆ ಚೀಲಕ್ಕೆ ಬೀಳುತ್ತದೋ ಅದೇ ವಾರ್ಡ್‌ನ ಆಯಾ ಕೈಗೆ ಚುಚ್ಚುತ್ತದೆ ಅಲ್ವಾ? ಎರಡು ವರದಿಯನ್ನೂ ಒಂದೇ ಸಭೆಗೆ ತಂದ ಮೇಲೆ ಎಲ್ಲಿ ತರಬೇತಿ ಬೇಕು ಅಂತ ಬೇಗ ಕಂಡಿತು. ಹೊಸ ಸಮಿತಿ ಮಾಡಲಿಲ್ಲ. ಇದ್ದ ಸಭೆಗೆ ಹೌಸ್‌ಕೀಪಿಂಗ್ ಮುಖ್ಯಸ್ಥೆಯನ್ನು ಕರೆದೆವು, ಅಷ್ಟೇ.

ಪರಿಸರ ಮತ್ತು ಸುರಕ್ಷತೆ ಅಧಿಕಾರಿ, ಜಿಗಣಿ

ಕಾನೂನಿನ ಭಾಗದ ಬಗ್ಗೆ ಒಂದು ಉಪಾಯ. ನಿಮ್ಮಲ್ಲಿ ಅಳತೆಯ ಸಾಧನಗಳನ್ನು ಸರಿನೋಡುವ ಕ್ಯಾಲಿಬ್ರೇಷನ್ ಪಟ್ಟಿ ಇದ್ದೇ ಇರುತ್ತದೆ. ಯಾವ ಗೇಜ್, ಮುಂದಿನ ದಿನಾಂಕ, ಯಾರ ಜವಾಬ್ದಾರಿ, ಒಂದು ತಿಂಗಳ ಮೊದಲೇ ಎಚ್ಚರಿಕೆ. 9001 ಇರುವ ಕಡೆ ಚೆನ್ನಾಗಿ ನಡೆಯುವ ಪಟ್ಟಿ ಅದು. ನಾವು ಅದಕ್ಕೇ ಕಾನೂನಿನ ದಿನಾಂಕಗಳನ್ನು ಸೇರಿಸಿದೆವು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಒ (ಘಟಕ ನಡೆಸಲು ಕೊಡುವ ಸಮ್ಮತಿ) ಮುಗಿಯುವ ದಿನ. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವರದಿ, ಫಾರ್ಮ್ 4, ಜೂನ್ 30. ಪರಿಸರ ಹೇಳಿಕೆ, ಫಾರ್ಮ್ 5, ಸೆಪ್ಟೆಂಬರ್ 30. ಪ್ರತಿ ಡ್ರಮ್‌ಗೂ ಒಂದು ಸಾಲು ಕೊಟ್ಟೆವು, ಯಾಕೆಂದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಬಳಸಿದ ಎಣ್ಣೆ, ಎಣ್ಣೆ ಹತ್ತಿದ ಬನಿಯನ್ ವೇಸ್ಟ್ (ಒರೆಸುವ ಬಟ್ಟೆ ಚೂರು) ಎರಡೂ ಇದರಲ್ಲಿ ಬರುತ್ತವೆ. ಬನಿಯನ್ ವೇಸ್ಟನ್ನು ಮಾಮೂಲಿ ಕಸದ ಜೊತೆ ಕಳಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಸಿಎಫ್‌ಒ ಪತ್ರವನ್ನು ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕುತ್ತಾರೆ, ಒಳಗಿನ ಷರತ್ತುಗಳನ್ನು ಯಾರೂ ಓದುವುದಿಲ್ಲ. ಒಂದೊಂದು ಷರತ್ತನ್ನೂ ಕಂಟ್ರೋಲ್ ಪ್ಲಾನ್‌ನ ಒಂದೊಂದು ಸಾಲು ಮಾಡಿ. ಏನನ್ನು ಅಳೆಯಬೇಕು, ಮಿತಿ ಎಷ್ಟು, ಎಷ್ಟು ದಿನಕ್ಕೊಮ್ಮೆ, ಮೀರಿದರೆ ಯಾರಿಗೆ ಹೇಳಬೇಕು. ಕ್ವಾಲಿಟಿಯವರಿಗೆ ಈ ಭಾಷೆ ಚೆನ್ನಾಗಿ ಬರುತ್ತದೆ.

ಎರಡು ಸಣ್ಣ ವಿಷಯ. 2024ರ ಫೆಬ್ರವರಿಯ ತಿದ್ದುಪಡಿಯಲ್ಲಿ ಹವಾಮಾನ ಬದಲಾವಣೆಯನ್ನು ಸಂಸ್ಥೆಯ ಸನ್ನಿವೇಶದ ಭಾಗವಾದ 4.1ರಲ್ಲಿ ಪರಿಗಣಿಸಬೇಕು ಅಂತ ಎರಡೂ ಸ್ಟ್ಯಾಂಡರ್ಡ್‌ಗೆ ಸೇರಿಸಿದ್ದಾರೆ. ಒಂದೇ ಕಡೆ ಬರೆದರೆ ಸಾಕು. ಬೋರ್‌ವೆಲ್ ನೀರಿನಿಂದಲೇ ನಡೆಯುವ ಘಟಕ ಆದರೆ ಅದನ್ನು ಮನಸ್ಸಿಟ್ಟು ಬರೆಯಿರಿ. ಇನ್ನೊಂದು, ಇಂಟರ್ನಲ್ ಆಡಿಟರ್‌ಗಳು. ಕ್ವಾಲಿಟಿ ಆಡಿಟರ್ ಕಟ್ಟಡದ ಒಳಗೇ ಸುತ್ತುತ್ತಾರೆ. ಅವರನ್ನು ಕಟ್ಟಡದ ಹಿಂದೆ ಕಳಿಸಿ. ಸ್ಕ್ರ್ಯಾಪ್ ಯಾರ್ಡ್, ಜನರೇಟರ್ ಪಕ್ಕ, ಚರಂಡಿ ಹೊರಗೆ ಸೇರುವ ಜಾಗ. ಮಳೆ ಬರುತ್ತಿರುವಾಗಲೇ ಹೋದರೆ ಇನ್ನೂ ಒಳ್ಳೆಯದು.

ಕೇಳಿದವರು, ತುಮಕೂರು

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಶಿಫ್ಟ್ ಮುಗಿದ ಮೇಲೆ ನಮ್ಮ ಮೆಂಟೆನೆನ್ಸ್ ಫೈಲ್ ತೆಗೆದು ನೋಡಿದೆ. "ಹೈಡ್ರಾಲಿಕ್ ಆಯಿಲ್ ಬದಲಾವಣೆ: ಆಯಿತು / ಇಲ್ಲ." ನಮ್ಮಲ್ಲೂ ಅದೇ ಕಥೆ. ಶೆಡ್ ಹಿಂದೆ ಹೋದರೆ ಬಳಸಿದ ಎಣ್ಣೆಯ ನಾಲ್ಕು ಡ್ರಮ್ ಇವೆ. ಒಂದರ ಮೇಲೂ ದಿನಾಂಕ ಇಲ್ಲ. ಯಾವಾಗಿನವು ಅಂತ ಯಾರಿಗೂ ಗೊತ್ತಿಲ್ಲ. ಇವಕ್ಕೆ ಈಗ ಯಾವ ದಿನಾಂಕ ಬರೆಯಲಿ?

ಜಿಗಣಿ

ಊಹೆ ಮಾಡಿ ದಿನಾಂಕ ಬರೆಯಬೇಡಿ ಸರ್. ನಿಮ್ಮ 9001ರ ಎನ್‌ಸಿ ಫಾರ್ಮ್ (ಲೋಪ ದಾಖಲಿಸುವ ಫಾರ್ಮ್) ತೆಗೆದುಕೊಳ್ಳಿ. "ಇವತ್ತು ನಾಲ್ಕು ಡ್ರಮ್ ಸಿಕ್ಕಿವೆ, ತುಂಬಿದ ದಿನ ಗೊತ್ತಿಲ್ಲ" ಅಂತ ಇದ್ದದ್ದನ್ನು ಇದ್ದಂತೆಯೇ ಬರೆಯಿರಿ. ಅಳೆದು ಎಷ್ಟು ಲೀಟರ್ ಅಂತ ಅಪಾಯಕಾರಿ ತ್ಯಾಜ್ಯದ ದಾಖಲೆಯಾದ ಫಾರ್ಮ್ 3ರಲ್ಲಿ ದಾಖಲಿಸಿ, ಲೇಬಲ್ ಹಾಕಿ, ಮಳೆ ನೀರು ತಾಗದ ಜಾಗಕ್ಕೆ ಸರಿಸಿ. ನಾಳೆಯೇ ಅಧಿಕೃತ ರೀಸೈಕ್ಲರ್‌ಗೆ ಫೋನ್ ಮಾಡಿ, ಫಾರ್ಮ್ 10ರ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ಪತ್ರ) ಜೊತೆಯಲ್ಲೇ ಕಳಿಸಿ. ಮೂಲ ಕಾರಣದ ಖಾನೆಯಲ್ಲಿ ಆ ಚೆಕ್‌ಶೀಟ್‌ನ ಸಾಲನ್ನೇ ಬರೆಯಿರಿ.