ಸ್ವಂತ ಟೀಮಿಗೇ ಬೂ ಅನ್ನೋದು ಸರೀನಾ?

ಪ್ರಶ್ನೆ: 2019ರ ಅಕ್ಟೋಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಪಂದ್ಯದ ಮಧ್ಯೆ ನಮ್ಮ ಆರ್ಸೆನಲ್ (ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್) ನಾಯಕ ಗ್ರಾನಿಟ್ ಝಾಕಾನನ್ನು ಹೊರಗೆ ಕರೆದಾಗ ನಮ್ಮ ಅಭಿಮಾನಿಗಳೇ ಬೂ ಎಂದು ಕೂಗಿ ಹೀಯಾಳಿಸಿದರು. ಅವನು ಕಿವಿಗೆ ಕೈ ಹಿಡಿದು, ಇನ್ನೂ ಜೋರಾಗಿ ಕೂಗಿ ಎನ್ನುವ ಹಾಗೆ ತೋರಿಸಿ, ಜರ್ಸಿ ಕಳಚಿ ಸೀದಾ ಒಳಗೆ ಹೋದ. ನಾಯಕತ್ವವೂ ಹೋಯಿತು. ನನಗೆ ಈಗಲೂ ಬೇಜಾರಾಗುತ್ತದೆ. ನೀವೇನಂತೀರಿ?

ಉತ್ತರ 1: ದುಡ್ಡು ಕೊಟ್ಟು ಬಂದವರಿಗೆ ಸಿಟ್ಟು ತೋರಿಸುವ ಹಕ್ಕಿದೆ. ಬೆವರು ಹರಿಸದ ಟೀಮಿಗೆ ಸುಮ್ನೆ ಚಪ್ಪಾಳೆ ತಟ್ಟಬೇಕಾ? ಆದರೆ ಕೂಗುವುದಾದರೆ ಪಂದ್ಯ ಮುಗಿದ ಮೇಲೆ ಇಡೀ ಟೀಮಿಗೆ ಕೂಗಿ, ಒಬ್ಬನನ್ನೇ ಹಿಡಿದುಕೊಳ್ಳಬೇಡಿ.

ಉತ್ತರ 2: ಒಪ್ಪಲ್ಲ. 2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ರಿಯಲ್ ಮ್ಯಾಡ್ರಿಡ್ ಎದುರು ಸೋತು ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿದ್ದ ಮೇಲೆ, ತವರಿನಲ್ಲೇ ಅದರ ಆಟಗಾರರಾದ ಮೆಸ್ಸಿ, ನೇಮಾರ್ ಚೆಂಡು ಮುಟ್ಟಿದರೆ ಸಾಕು, ಬೂ. ನೇಮಾರ್ ಗೋಲು ಹೊಡೆದಾಗಲೂ ಬೂ! ಬೋರ್ಡೋ ವಿರುದ್ಧ 3-0 ಗೆದ್ದ ಪಂದ್ಯ ಅದು. ಗೋಲಿಗೂ ಬೈದರೆ ಆಟಗಾರ ಇನ್ನೇನು ಮಾಡಬೇಕು ಹೇಳಿ?

ಉತ್ತರ 3: ನಮ್ಮಲ್ಲಿ ಕಷ್ಟವೇ ಬೇರೆ. 2018ರಲ್ಲಿ ಮುಂಬೈನಲ್ಲಿ ಭಾರತದ ಪಂದ್ಯಕ್ಕೆ ಬಂದವರು ಮೂರು ಸಾವಿರವೂ ಇರಲಿಲ್ಲ. ಆಮೇಲೆ ಆಗಿನ ನಾಯಕ ಸುನಿಲ್ ಛೆಟ್ರಿ ವಿಡಿಯೊ ಹಾಕಿ, ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಎಂದು ಕೇಳಿಕೊಂಡರು. ಮುಂದಿನ ಕೀನ್ಯಾ ಪಂದ್ಯಕ್ಕೆ ಸ್ಟೇಡಿಯಂ ತುಂಬಿತು. ಖಾಲಿ ಕುರ್ಚಿ ಬೂಗಿಂತ ಜಾಸ್ತಿ ನೋಯಿಸುತ್ತದೆ, ಅಲ್ವಾ?

ಪ್ರಶ್ನೆ ಕೇಳಿದವರು: ನಿಜ. ಆದರೆ ಝಾಕಾ ಕ್ಲಬ್ ಬಿಡದೆ ಉಳಿದು ಆಡಿದ್ದನ್ನೂ ನೋಡಿ. 2023ರ ಮೇನಲ್ಲಿ ವುಲ್ವ್ಸ್ ವಿರುದ್ಧ ಎರಡು ಗೋಲು ಹೊಡೆದಾಗ, ಕ್ಲಬ್ ಬಿಟ್ಟು ಹೋಗಬೇಡ ಎಂದು ಹಾಡಿದ್ದು ಅದೇ ಮೈದಾನದ ಜನ.