ಲಾಕೌಟ್ ಹಾಕಿದರೂ ಮುಂದಿನ ಫೋರ್ಕ್ 3 ಸೆಂ.ಮೀ. ಕುಸಿಯುತ್ತಿದೆ, ಕೇಬಲ್ ಬದಲಾಯಿಸಿದರೂ ಸರಿಹೋಗಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ.

ನನ್ನದು ಹಾರ್ಡ್‌ಟೇಲ್ ಮೌಂಟನ್ ಬೈಕ್, ಅಂದರೆ ಸಸ್ಪೆನ್ಷನ್ ಮುಂದೆ ಮಾತ್ರ ಇರುವ ಸೈಕಲ್. ಮುಂದೆ 120 ಮಿ.ಮೀ. ಟ್ರಾವೆಲ್ (ಪೂರ್ತಿ ಒತ್ತಿದರೆ ಕುಸಿಯುವ ದೂರ) ಇರುವ ಏರ್ ಫೋರ್ಕ್: ಎಡಗಾಲಲ್ಲಿ ಸ್ಪ್ರಿಂಗ್ ಆಗಿ ಕೆಲಸ ಮಾಡುವ ಗಾಳಿ, ಬಲಗಾಲಲ್ಲಿ ಡ್ಯಾಂಪರ್ (ಆಯಿಲ್‌ನಿಂದ ಫೋರ್ಕಿನ ಏರಿಳಿತಕ್ಕೆ ಹಿಡಿತ ಕೊಡುವ ಭಾಗ). ಬೇಕೆಂದಾಗ ಫೋರ್ಕ್ ಕುಸಿಯದಂತೆ ತಡೆಯುವ ಲಾಕೌಟ್‌ಗೆ ಹ್ಯಾಂಡಲ್ ಮೇಲೆ ರಿಮೋಟ್ ಲಿವರ್ ಇದೆ. ಬೈಕ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಫೋರ್ಕ್ ಸರ್ವಿಸ್ ಯಾವಾಗ ಆಗಿತ್ತೋ ಗೊತ್ತಿಲ್ಲ. ನನ್ನ ತೂಕ 78 ಕೆ.ಜಿ.

ಏರು ಹತ್ತುವಾಗ ಲಾಕ್ ಹಾಕಿ ಎದ್ದು ನಿಂತು ತುಳಿದರೆ ಫೋರ್ಕ್ ಸುಮಾರು 3 ಸೆಂ.ಮೀ. ಕುಸಿಯುತ್ತದೆ. ಅಲ್ಲಿಂದ ಕೆಳಗೆ ಟಕ್ ಅಂತ ನಿಲ್ಲುತ್ತದೆ. ಮೊದಲು ಕೇಬಲ್ ಹೊಸದು ಹಾಕಿದೆ, ವ್ಯತ್ಯಾಸ ಆಗಲಿಲ್ಲ. ಆಮೇಲೆ ಗಾಳಿ ಜಾಸ್ತಿ ತುಂಬಿದೆ. ಕುಸಿತ ಸ್ವಲ್ಪ ಕಡಿಮೆ ಆಯಿತು, ಆದರೆ ಕಲ್ಲುದಾರಿಯಲ್ಲಿ ಕೈಯೆಲ್ಲ ಜೋಮು ಹಿಡಿಯುವಷ್ಟು ಗಟ್ಟಿ. ಇನ್ನೊಂದು, ಶಾಕ್ ಪಂಪ್ ಕಳಚುವಾಗ ಪ್ರತಿ ಸಲ ಉಸ್ ಅಂತ ಗಾಳಿ ಹೋಗುತ್ತದೆ. ಮತ್ತೆ ಪಂಪ್ ಹಾಕಿ ನೋಡಿದರೆ 8-10 ಪಿ.ಎಸ್.ಐ. ಕಡಿಮೆ ತೋರಿಸುತ್ತದೆ. ವಾಲ್ವ್ ಹೋಗಿದೆಯಾ? ಲಾಕೌಟ್ ಭಾಗವನ್ನೇ ಪೂರ್ತಿ ಬದಲಾಯಿಸಬೇಕಾ?

ಉತ್ತರ

ನಮಸ್ಕಾರ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಲಾಕೌಟ್ ಕೆಲಸ ಮಾಡದಿದ್ದರೆ ಎಲ್ಲರೂ ಮೊದಲು ಕೈ ಹಾಕುವುದು ಲಿವರ್‌ಗೆ, ಕೇಬಲ್‌ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುವುದು ಇಲ್ಲೇ. ನಾನೂ ಒಮ್ಮೆ ಹಾಗೆಯೇ ಮಾಡಿ ಒಂದು ಒಳ್ಳೆಯ ಲಿವರ್ ಕಳಚಿ ಪಕ್ಕಕ್ಕಿಟ್ಟಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಪಂಪ್ ವಿಷಯ ಮೊದಲು ಮುಗಿಸೋಣ. ಕಳಚುವಾಗ ಬರುವ ಉಸ್ ಶಬ್ದ ಪಂಪ್‌ನ ಪೈಪಿನೊಳಗೆ ಉಳಿದ ಗಾಳಿಯದು, ಫೋರ್ಕಿನದಲ್ಲ. ಮತ್ತೆ ಸಿಕ್ಕಿಸಿದಾಗ ಖಾಲಿ ಪೈಪು ತುಂಬಿಕೊಳ್ಳಲು ಫೋರ್ಕಿನಿಂದಲೇ ಸ್ವಲ್ಪ ಗಾಳಿ ಎಳೆದುಕೊಳ್ಳುತ್ತದೆ, ಅದಕ್ಕೇ ಮುಳ್ಳು ಕೆಳಗಿಳಿದು ನಿಲ್ಲುತ್ತದೆ. ಫೋರ್ಕಿನ ಗಾಳಿಕೋಣೆ ಚಿಕ್ಕದು, ಪೈಪಿನ ಪಾಲು ಎದ್ದು ಕಾಣುತ್ತದೆ. ವಾಲ್ವ್ ನಿಜವಾಗಿ ಸೋರುತ್ತಿದ್ದರೆ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದಾಗ ಸ್ಯಾಗ್ (ಬೈಕ್ ಹತ್ತಿ ನಿಂತಾಗ ನಿಮ್ಮ ತೂಕಕ್ಕೇ ಫೋರ್ಕ್ ಕುಸಿಯುವ ಅಳತೆ) ಹೆಚ್ಚಾಗಿರುತ್ತದೆ. ಸಂಶಯ ಇದ್ದರೆ ವಾಲ್ವ್ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ, ಗುಳ್ಳೆ ಏಳದಿದ್ದರೆ ಅದನ್ನು ಮರೆತುಬಿಡಿ.

ಎರಡನೆಯದು, ಲಾಕೌಟ್ ಎಂದರೆ ಕಲ್ಲಿನ ಕಂಬ ಅಲ್ಲ. ಹೈಡ್ರಾಲಿಕ್ ಲಾಕೌಟ್‌ನಲ್ಲಿ ಆಯಿಲ್ ಹರಿಯುವ ದಾರಿಯನ್ನು ಒಂದು ಕವಾಟ ಮುಚ್ಚುತ್ತದೆ, ಅಷ್ಟೇ. ಲಾಕ್ ತೆಗೆಯಲು ಮರೆತು ದೊಡ್ಡ ಕಲ್ಲಿಗೆ ಹೊಡೆದರೂ ಒಳಗಿನ ಭಾಗ ಒಡೆಯಬಾರದೆಂದು ಹೆಚ್ಚಿನವುಗಳಲ್ಲಿ ಒತ್ತಡ ಮೀರಿದಾಗ ಬಿಟ್ಟುಕೊಡುವ ವ್ಯವಸ್ಥೆ ಇರುತ್ತದೆ. ಆದ್ದರಿಂದ ಲಾಕ್ ಹಾಕಿ ಒತ್ತಿದಾಗ ನಾಲ್ಕೈದು ಮಿ.ಮೀ. ಅಲುಗಿದರೆ ಅದು ಸಹಜ. 3 ಸೆಂ.ಮೀ. ಸಹಜ ಅಲ್ಲ, ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಈಗ ಕೇಬಲ್ ಪರೀಕ್ಷೆ. ಕೆಲವು ರಿಮೋಟ್‌ಗಳಲ್ಲಿ ಕೇಬಲ್ ಎಳೆದರೆ ಲಾಕ್, ಕೆಲವದರಲ್ಲಿ ಎಳೆದರೆ ಓಪನ್. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಫೋರ್ಕಿನ ತಲೆಯ ಮೇಲೆ ಕೇಬಲ್ ಹಿಡಿದಿರುವ ಪುಟ್ಟ ತಿರುಪನ್ನು ಸಡಿಲಿಸಿ ಕೇಬಲ್ ಬಿಡಿಸಿ, ಅಲ್ಲಿರುವ ಪುಟ್ಟ ಲಾಕೌಟ್ ಚಕ್ರವನ್ನು ಬೆರಳಲ್ಲೇ ಲಾಕ್ ಕಡೆಗೆ ಪೂರ್ತಿ ತಿರುಗಿಸಿ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಒತ್ತಿ. ಆಗ ಗಟ್ಟಿಯಾಗಿ ನಿಂತರೆ ತಪ್ಪು ಕೇಬಲ್ ಬಿಗಿತದ್ದು. ಆಗಲೂ ಕುಸಿದರೆ ತೊಂದರೆ ಡ್ಯಾಂಪರ್ ಒಳಗೇ ಇದೆ.

ಅದರ ಜೊತೆ ಸ್ಯಾಗ್ ಅಳೆದು ಹೇಳಿ. ನೀವು ಗಾಳಿ ತುಂಬಿ ಕುಸಿತ ಕಡಿಮೆ ಮಾಡಿದ್ದು ಲಾಕೌಟ್ ಕೆಲಸವನ್ನು ಸ್ಪ್ರಿಂಗ್ ತಲೆಗೆ ಕಟ್ಟಿದ ಹಾಗೆ. ಏರಿನಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೇ, ಇಳಿಜಾರಿನಲ್ಲಿ ಕೈ ನೋವು. ಲಾಕೌಟ್ ಓಪನ್ ಇಟ್ಟು (ಇದನ್ನು ಮರೆತು ಅಳೆದು ತಲೆ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ), ಸವಾರಿಗೆ ಹೋಗುವಾಗ ಹಾಕುವ ಹೆಲ್ಮೆಟ್, ಶೂ, ನೀರಿನ ಬ್ಯಾಗ್ ಎಲ್ಲ ಹಾಕಿಕೊಂಡು ಬೈಕ್ ಹತ್ತಿ. ಒಬ್ಬರು ಹಿಂದಿನಿಂದ ಸೀಟು ಹಿಡಿದುಕೊಳ್ಳಲಿ. ಪೆಡಲ್ ಮೇಲೆ ನಿಂತು, ಮೊಣಕೈ ಸ್ವಲ್ಪ ಮಡಿಸಿ, ಎರಡು ಮೂರು ಸಲ ಕುಲುಕಿ ಸುಮ್ಮನೆ ನಿಲ್ಲಿ. ಫೋರ್ಕ್ ಮೇಲಿನ ರಬ್ಬರ್ ರಿಂಗನ್ನು ಸೀಲ್‌ವರೆಗೆ ಇಳಿಸಿ. ರಿಂಗ್ ಇಲ್ಲದಿದ್ದರೆ ಒಂದು ಕೇಬಲ್ ಟೈ ಸಡಿಲವಾಗಿ ಕಟ್ಟಿದರೂ ಆಗುತ್ತದೆ. ಮುಂದಿನ ಬ್ರೇಕ್ ಮುಟ್ಟದೆ ನಿಧಾನ ಇಳಿದು ಸೀಲ್‌ನಿಂದ ರಿಂಗ್‌ವರೆಗೆ ಅಳೆಯಿರಿ. 120 ಮಿ.ಮೀ.ಗೆ 20% ಅಂದರೆ 24 ಮಿ.ಮೀ. ಇದು ಹಾರ್ಡ್‌ಟೇಲ್‌ಗೆ ಒಳ್ಳೆಯ ಆರಂಭ. ಲೆಕ್ಕ ಹಾಕಬೇಕಾದ್ದು ಟ್ರಾವೆಲ್ ಮೇಲೆ, ಹೊರಗೆ ಕಾಣುವ ಕೊಳವೆಯ ಉದ್ದದ ಮೇಲೆ ಅಲ್ಲ. ಕೊಳವೆ ಸಾಮಾನ್ಯವಾಗಿ ಟ್ರಾವೆಲ್‌ಗಿಂತ ಉದ್ದವೇ ಇರುತ್ತದೆ.

ಗಾಳಿ ಹಾಕುವಾಗ ಒಂದೇ ಸಮ ಒತ್ತಬೇಡಿ. ನಡುವೆ ಪಂಪ್ ನಿಲ್ಲಿಸಿ ಫೋರ್ಕನ್ನು ಹತ್ತಿಪ್ಪತ್ತು ಸಲ ಮೆಲ್ಲಗೆ ಒತ್ತಿ ಬಿಡಿ. ಮೇಲಿನ ಕೋಣೆಯಿಂದ ಕೆಳಗಿನ ನೆಗೆಟಿವ್ ಕೋಣೆಗೂ (ಫೋರ್ಕನ್ನು ಒಳಗೆಳೆಯುವ ಕಡೆಗೆ ಒತ್ತುವ ಗಾಳಿಯ ಕೋಣೆ) ಗಾಳಿ ಹಂಚಿಹೋಗಬೇಕು, ಇಲ್ಲದಿದ್ದರೆ ಅಳತೆಯೇ ಸುಳ್ಳಾಗುತ್ತದೆ. ಫೋರ್ಕ್ ಮೇಲೆ ಬರೆದ ಗರಿಷ್ಠ ಒತ್ತಡವನ್ನು ಮಾತ್ರ ದಾಟಬೇಡಿ.

ಪ್ರಶ್ನೆ ಕೇಳಿದವರಿಂದ

ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬ ಧನ್ಯವಾದ ಸರ್. ಇವತ್ತು ಬೆಳಿಗ್ಗೆ ಎಲ್ಲ ಮಾಡಿ ನೋಡಿದೆ.

ಸೋಪಿನ ನೀರಲ್ಲಿ ಗುಳ್ಳೆ ಬರಲಿಲ್ಲ. ಸ್ಯಾಗ್ 13 ಮಿ.ಮೀ. ಮಾತ್ರ ಇತ್ತು! ಗಾಳಿ ಬಿಟ್ಟು 25ಕ್ಕೆ ತಂದೆ. ಕೈಗೆ ತಕ್ಷಣ ಹಾಯೆನಿಸಿತು.

ಕೇಬಲ್ ಬಿಡಿಸಿ ಕೈಯಲ್ಲೇ ತಿರುಗಿಸಿದೆ. ಏನೂ ಬದಲಾಗಲಿಲ್ಲ. 28 ಮಿ.ಮೀ. ಸಲೀಸಾಗಿ ಹೋಗಿ, ಅಲ್ಲಿಂದ ಗಟ್ಟಿ. ಕಿವಿಗೊಟ್ಟು ಕೇಳಿದರೆ ಬಲಗಾಲಿನ ಮೇಲ್ಭಾಗದಲ್ಲಿ ಗುಳುಗುಳು ಶಬ್ದ.

ಇನ್ನೆರಡು ವಿಷಯ ಈಗ ಗಮನಕ್ಕೆ ಬಂತು. ಸ್ಯಾಗ್ ಸರಿ ಇದ್ದರೂ ಎಷ್ಟೇ ಜೋರಾಗಿ ಇಳಿದರೂ ರಿಂಗ್ 98 ಮಿ.ಮೀ. ದಾಟುವುದಿಲ್ಲ. ಮತ್ತೆ ರೀಬೌಂಡ್ ನಾಬನ್ನು (ಕುಸಿದ ಫೋರ್ಕ್ ಎಷ್ಟು ವೇಗವಾಗಿ ಮೇಲೇಳಬೇಕೆಂದು ಹೊಂದಿಸುವ ತಿರುಗಣೆ) ನಿಧಾನ ಎಂದು ಸೂಚಿಸುವ ಆಮೆ ಚಿತ್ರದ ಕಡೆಗೆ ಪೂರ್ತಿ ತಿರುಗಿಸಿದರೂ ಫೋರ್ಕ್ ಪಟ್ ಅಂತ ಮೇಲೆ ಹಾರುತ್ತದೆ.

ಉತ್ತರ

ಆ ಕೊನೆಯ ಎರಡು ಸಾಲಿನಲ್ಲೇ ಉತ್ತರ ಇದೆ. ನೀವು ಹೇಳಿದ ಮೂರೂ ಲಕ್ಷಣಕ್ಕೆ ಕಾರಣ ಒಂದೇ ಎಂದು ನನಗೆ ಅನಿಸುತ್ತಿದೆ: ಡ್ಯಾಂಪರ್‌ನ ಆಯಿಲ್ ಇರಬೇಕಾದ ಜಾಗದಲ್ಲಿ ಇಲ್ಲ.

ನಿಮ್ಮಂಥ ಫೋರ್ಕ್‌ಗಳಲ್ಲಿ ಬಲಗಾಲಿನ ಮೇಲಿನ ಕೊಳವೆಯೇ ಆಯಿಲ್ ಪಾತ್ರೆ. ಮೇಲ್ತುದಿಯಿಂದ ಲಾಕೌಟ್ ಕವಾಟ ಅದರೊಳಗೆ ಇಳಿಬಿದ್ದಿರುತ್ತದೆ, ಕೆಳತುದಿಯಿಂದ ರೀಬೌಂಡ್ ಶಾಫ್ಟ್ ಒಂದು ಸೀಲ್ ಮೂಲಕ ಒಳಗೆ ಬರುತ್ತದೆ. ಫೋರ್ಕ್ ಒತ್ತಿದಾಗ ಶಾಫ್ಟ್ ಒಳನುಗ್ಗಿದಷ್ಟು ಆಯಿಲ್ ಮೇಲೇರಿ ಕವಾಟ ದಾಟಬೇಕು. ಕವಾಟ ಮುಚ್ಚಿದ್ದರೆ ದಾಟಲು ದಾರಿಯಿಲ್ಲ, ಅದೇ ಲಾಕ್. ಆದರೆ ಆಯಿಲ್ ಮಟ್ಟವೇ ಕವಾಟಕ್ಕಿಂತ ಕೆಳಗಿದ್ದರೆ ನಡುವೆ ಗಾಳಿ. ಆ ಗಾಳಿ ಸರಿಯುವವರೆಗೆ ಲಾಕ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ನಿಮ್ಮ 28 ಮಿ.ಮೀ. ಅಂದರೆ ಆಯಿಲ್ ಕವಾಟಕ್ಕೆ ಮುಟ್ಟುವವರೆಗಿನ ಖಾಲಿ ಓಟ. ಗುಳುಗುಳು ಕೂಡ ಅದೇ ಗಾಳಿಯದು.

ಹಾಗಾದರೆ ಆಯಿಲ್ ಎಲ್ಲಿ ಹೋಯಿತು? ಹೊರಗೆ ಸೋರಿದ್ದರೆ ನಿಮಗೆ ಕಾಣುತ್ತಿತ್ತು. ಕೆಳಗಿನ ಆ ಸೀಲ್ ಸವೆದರೆ ಆಯಿಲ್ ಸದ್ದಿಲ್ಲದೆ ಕೆಳಗಿನ ಕಾಲಿನೊಳಗೆ ಇಳಿಯುತ್ತದೆ. ಅಲ್ಲಿ ಇರಬೇಕಾದ್ದು ಜಾರಲೆಂದು ಹಾಕುವ ಕೆಲವೇ ಮಿಲಿಲೀಟರ್. ಅಲ್ಲಿ ಆಯಿಲ್ ತುಂಬಿಕೊಂಡರೆ ಮೇಲಿನ ಕೊಳವೆ ಪೂರ್ತಿ ಇಳಿಯಲು ಜಾಗ ಸಾಲದು, ಅದಕ್ಕೇ 98ಕ್ಕೆ ನಿಲ್ಲುವುದು. ಮೇಲೆ ಆಯಿಲ್ ಕಡಿಮೆಯಾಗಿ ಗಾಳಿ ಬೆರೆತದ್ದರಿಂದ ರೀಬೌಂಡ್‌ಗೆ ಹಿಡಿತವಿಲ್ಲ.

ಖಚಿತ ಮಾಡಿಕೊಳ್ಳಲು ಒಂದೇ ಪರೀಕ್ಷೆ ಸಾಕು. ಎಡಗಾಲಿನ ಗಾಳಿಯನ್ನು ಪೂರ್ತಿ ಬಿಡಿ. ಬಿಡುತ್ತಲೇ ಫೋರ್ಕನ್ನು ಮೆಲ್ಲಗೆ ಆಡಿಸುತ್ತಿರಿ, ನೆಗೆಟಿವ್ ಕೋಣೆಯ ಗಾಳಿಯೂ ಹೋಗಲಿ. ಲಾಕ್ ಓಪನ್ ಇರಲಿ. ಈಗ ಮೈಭಾರ ಹಾಕಿ ಒತ್ತಿ. ಸ್ಪ್ರಿಂಗ್ ಇಲ್ಲದ ಫೋರ್ಕ್ ಹೆಚ್ಚುಕಡಿಮೆ 120ರವರೆಗೂ ಇಳಿಯಬೇಕು. ಆಗಲೂ 100ರ ಆಸುಪಾಸಿಗೆ ಮೆತ್ತಗೆ ತಡೆದು ನಿಂತರೆ, ಅಡ್ಡ ಬರುತ್ತಿರುವುದು ಗಾಳಿಯಲ್ಲ, ಆಯಿಲ್.

ಫೋರ್ಕನ್ನು ಹೊರಗಿನಿಂದ ನೋಡಿ ತೀರ್ಮಾನ ಮಾಡಬಾರದು ಎಂದು ನಾನು ಕಲಿತದ್ದು ಇದೇ ತೊಂದರೆಯಿಂದ. ನನ್ನ ಹಳೆಯ ಫೋರ್ಕನ್ನು ಒಂದು ಕಡೆ ಸರ್ವಿಸ್‌ಗೆ ಕೊಟ್ಟಿದ್ದೆ, ಮೇಲಿನ ಸೀಲ್ ಒರೆಸಿ, ಗ್ರೀಸ್ ಹಚ್ಚಿ ಹಿಂದಿರುಗಿಸಿದರು. ಥಳಥಳ ಹೊಳೆಯುತ್ತಿತ್ತು, ತೊಂದರೆ ಹಾಗೆಯೇ ಇತ್ತು. ಕೊನೆಗೆ ನಾನೇ ಕೆಳಗಿನ ಬೋಲ್ಟ್ ಸಡಿಲಿಸಿದಾಗ ಕಾಫಿ ಲೋಟದ ಅರ್ಧದಷ್ಟು ಕೆಂಪು ಆಯಿಲ್ ದಾರವಾಗಿ ಸುರಿಯಿತು. ಒಂದು ಚಮಚ ಬರಬೇಕಾದ ಜಾಗ ಅದು.

ಇನ್ನೊಬ್ಬ ಸದಸ್ಯರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಫುಲ್ ಸಸ್ಪೆನ್ಷನ್, ಹಿಂದೆಯೂ ಶಾಕ್ ಇರುವ ಬೈಕ್. ಹಿಂದಿನ ಶಾಕ್ ಒಮ್ಮೊಮ್ಮೆ ಕುಸಿದಲ್ಲೇ ಕೂತುಬಿಡುತ್ತದೆ, ಗಾಳಿ ತುಂಬಿದರೂ ಮೇಲೇಳುವುದಿಲ್ಲ. ಇದೂ ಲಾಕೌಟ್ ತೊಂದರೆಯಾ? ಏರ್ ಕ್ಯಾನ್ (ಶಾಕ್‌ನ ಗಾಳಿ ತುಂಬುವ ಹೊರಕವಚ) ಬಿಚ್ಚಿ ಸೀಲ್ ನೋಡೋಣ ಅಂದುಕೊಂಡಿದ್ದೇನೆ.

ಉತ್ತರ

ಬಿಚ್ಚಬೇಡಿ. ಮೊದಲು ಅದನ್ನು ಕೆಳಗಿಡಿ. ಕುಸಿದಲ್ಲೇ ಕೂತ ಶಾಕ್‌ನಲ್ಲಿ ಒತ್ತಡವೆಲ್ಲ ನೆಗೆಟಿವ್ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ಅದೇ ಶಾಕನ್ನು ಒಳಗೆಳೆದು ಹಿಡಿದಿರುತ್ತದೆ. ಹೊರಗಿನ ವಾಲ್ವ್‌ನಿಂದ ಗಾಳಿ ಬಿಟ್ಟರೂ ಆ ಒತ್ತಡ ಹೋಗದು. ಕ್ಯಾನ್ ತಿರುಗಿಸಿ ಕಳಚಿದರೆ ಭಾಗಗಳು ಗುಂಡಿನಂತೆ ಚಿಮ್ಮಬಹುದು, ಕೈಗೂ ಕಣ್ಣಿಗೂ ನಿಜವಾದ ಅಪಾಯ. ಇದನ್ನು ಆ ಉಪಕರಣ ಇರುವ ಸರ್ವಿಸ್ ಕೇಂದ್ರಕ್ಕೇ ಕೊಡಿ, ಅವರಿಗೂ ಶಾಕ್ ಕುಸಿದು ನಿಂತಿದೆ ಎಂದು ಮೊದಲೇ ಹೇಳಿ. ಲಾಕೌಟ್‌ಗೂ ಇದಕ್ಕೂ ಸಂಬಂಧವಿಲ್ಲ. ದಯವಿಟ್ಟು ಈ ಒಂದು ಮಾತು ಕೇಳಿ.

ಪ್ರಶ್ನೆ ಕೇಳಿದವರಿಂದ

ಗಾಳಿ ಪೂರ್ತಿ ಬಿಟ್ಟು ಒತ್ತಿದೆ. 101 ಮಿ.ಮೀ.ಗೆ ನಿಂತಿತು. ನೀವು ಹೇಳಿದ ಹಾಗೆಯೇ ಟಕ್ ಅನ್ನಲಿಲ್ಲ, ದಿಂಬಿನ ಮೇಲೆ ಕೂತ ಹಾಗೆ ಮೆತ್ತಗೆ ತಡೆಯಿತು. ನಾನೇ ಬಿಚ್ಚಬಹುದಾ?

ಉತ್ತರ

ಅಲೆನ್ ಕೀ ಹಿಡಿದು ಅಭ್ಯಾಸ ಇದ್ದರೆ ಬಿಚ್ಚಬಹುದು. ಗಾಳಿ ಪೂರ್ತಿ ಹೋಗಿರಬೇಕು, ಇದರಲ್ಲಿ ರಾಜಿ ಬೇಡ. ಚಕ್ರ ಕಳಚಿ, ಬ್ರೇಕ್ ಕ್ಯಾಲಿಪರ್ ಬಿಚ್ಚಿ ದೂರ ಕಟ್ಟಿಡಿ. ಬ್ರೇಕ್ ಪ್ಯಾಡ್ ಮೇಲೆ ಒಂದು ಹನಿ ಆಯಿಲ್ ಬಿದ್ದರೂ ಪ್ಯಾಡ್ ಕೆಟ್ಟ ಹಾಗೆ. ರೀಬೌಂಡ್ ನಾಬ್ ತೆಗೆದು ಕೆಳಗಿನ ಎರಡೂ ಬೋಲ್ಟ್‌ಗಳನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ತಲೆಗಳ ಮೇಲೆ ಅಲೆನ್ ಕೀ ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗಿನ ಶಾಫ್ಟ್ ಬಿಟ್ಟುಕೊಂಡ ಮೇಲೆ ಕೆಳಗೆ ಒಂದು ಬೋಗುಣಿ ಇಟ್ಟು ಬೋಲ್ಟ್ ತೆಗೆಯಿರಿ. ಬಂದ ಆಯಿಲನ್ನು ಎಸೆಯಬೇಡಿ, ಅಳೆಯಿರಿ.

ಬದಲಾಯಿಸಬೇಕಾದ್ದು ಡ್ಯಾಂಪರ್‌ನ ಕೆಳಗಿನ ಸೀಲ್, ಧೂಳಿನ ಸೀಲ್‌ಗಳು, ಅದರ ಕೆಳಗಿನ ಸ್ಪಂಜು ಉಂಗುರ, ಬೋಲ್ಟ್‌ಗಳ ವಾಷರ್. ಆಯಿಲ್ ಎಷ್ಟು, ಯಾವ ದಪ್ಪದ್ದು, ಬೋಲ್ಟ್ ಎಷ್ಟು ಬಿಗಿ ಎಂಬುದನ್ನು ನಿಮ್ಮ ಫೋರ್ಕ್‌ನ ಕೈಪಿಡಿ ನೋಡಿಯೇ ಮಾಡಿ. ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಅಂದಾಜಿನ ಕೆಲಸ ಅಲ್ಲ. ಸರ್ವಿಸ್ ಅವಧಿಯೂ ಹಾಗೆಯೇ. ಫೋರ್ಕ್ ತಯಾರಕರಲ್ಲಿ ರಾಕ್‌ಶಾಕ್ಸ್ ತನ್ನ ಬಹಳಷ್ಟು ಫೋರ್ಕ್‌ಗಳಿಗೆ ಕೆಳಗಿನ ಕಾಲಿನ ಸರ್ವಿಸ್ 50 ಗಂಟೆ ಸವಾರಿಗೊಮ್ಮೆ ಎನ್ನುತ್ತದೆ, ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತದೆ.

ಜೋಡಿಸಿದ ಮೇಲೆ ಹಳೆಯ ಸೆಟ್ಟಿಂಗ್ ನಂಬಬೇಡಿ, ಸ್ಯಾಗ್‌ನಿಂದ ಶುರು ಮಾಡಿ. ಆಮೇಲೆ ರೀಬೌಂಡ್: ಆಮೆ ಕಡೆಗೆ ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸುತ್ತ ಬಿಡಿಸಿ. ಹ್ಯಾಂಡಲ್ ಒತ್ತಿ ಥಟ್ಟನೆ ಕೈಬಿಟ್ಟಾಗ ಚಕ್ರ ನೆಲ ಬಿಟ್ಟು ಏಳಬಾರದು, ಹಾಗೆಂದು ಫೋರ್ಕ್ ಎದ್ದೇಳಲು ಮೀನಮೇಷ ಎಣಿಸಲೂಬಾರದು. ತೀರ ನಿಧಾನ ಇದ್ದರೆ ಸಾಲು ಕಲ್ಲುಗಳಲ್ಲಿ ಒಂದರಿಂದ ಎದ್ದೇಳುವಷ್ಟರಲ್ಲಿ ಇನ್ನೊಂದು ಬಂದು ಫೋರ್ಕ್ ಕುಸಿಯುತ್ತಲೇ ಹೋಗುತ್ತದೆ. ಕೇಬಲ್ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ನಿಮ್ಮದು ಎಳೆದರೆ ಲಾಕ್ ಆಗುವ ಬಗೆಯಾದರೆ, ಲಿವರ್ ಬಿಟ್ಟಾಗ ಲಾಕೌಟ್ ಚಕ್ರ ತಾನಾಗಿ ಪೂರ್ತಿ ಓಪನ್‌ಗೆ ಮರಳಬೇಕು, ಒತ್ತಿದಾಗ ಕೊನೆಯವರೆಗೂ ತಿರುಗಬೇಕು.

ಪ್ರಶ್ನೆ ಕೇಳಿದವರಿಂದ

ಇವತ್ತು ಮುಗಿಸಿದೆ ಸರ್. ಬಲಗಾಲಿನಿಂದ 70 ಮಿ.ಲೀ. ಬಂತು, ಅಳತೆ ಲೋಟದಲ್ಲಿ ಹಿಡಿದು ನೋಡಿದೆ. ಕಂದು ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಬೂದಿಯಂಥ ಮಡ್ಡಿ. ಹಳೆಯ ಸೀಲಿನ ಒಳಅಂಚನ್ನು ಉಗುರಿನಿಂದ ಮುಟ್ಟಿದರೆ ಒಂದು ಕಡೆ ಚಪ್ಪಟೆಯಾಗಿ ಸವೆದದ್ದು ತಿಳಿಯುತ್ತದೆ.

ಹೊಸ ಸೀಲ್, ಕೈಪಿಡಿಯಷ್ಟೇ ಆಯಿಲ್. ಸ್ಯಾಗ್ 24, ರೀಬೌಂಡ್ ಮುಚ್ಚಿದಲ್ಲಿಂದ 7 ಕ್ಲಿಕ್. ಮೊದಲ ಇಳಿಜಾರಿನಲ್ಲಿ ರಿಂಗ್ 113ಕ್ಕೆ ಬಂದು ನಿಂತಿತು. ಲಾಕ್ ಹಾಕಿ ಎದ್ದು ನಿಂತು ತುಳಿದೆ, 4 ಮಿ.ಮೀ. ಅಷ್ಟೇ. ಹಳೆಯ ಕೇಬಲನ್ನೇ ಮತ್ತೆ ಹಾಕಿದ್ದೇನೆ, ಅದರಲ್ಲಿ ಏನೂ ತಪ್ಪಿರಲಿಲ್ಲ.